ಒಗಟಿನ ಆಟ, ಕೋಟೆಯ ಪಾಠ



ಯಾದಗಿರಿ ಕೋಟೆ ನೋಡಿದ್ದೀರಾ? "ಸಂತಿಗಿ ಬಂದಾಗೆಲ್ಲ ನೋಡ್ತೀವಲ್ರಿ ಅಕ್ಕೋರೆ" ಅಂತೀರಿ. ಹೌದು, ಕೆಳಗಿನಿಂದ ನೋಡುತ್ತೀರಿ. ಗುಡ್ಡ ಹತ್ತಿ ಒಳಗೆ ಹೋದವರು ಎಷ್ಟು ಮಂದಿ?

ಒಂದು ಭಾನುವಾರ ನಮ್ಮ ಕಲಿಕಾ ಕೇಂದ್ರದ ಎಂಟು ಮಂದಿ ತಾಯಂದಿರು ಕೋಟೆಗೆ ಹೊರಟೆವು. ಮಕ್ಕಳೂ ಬಂದರು. ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕಟ್ಟಿಕೊಂಡಿದ್ದೆವು. ಕುಡಿಯುವ ನೀರು ತಂದಿದ್ದೆವು. ಬಿಸಿಲೇರುವ ಮೊದಲೇ ಹತ್ತಲು ಸುರು ಮಾಡಿದೆವು.

ನಾನು ಐದು ಚೀಟಿ ಬರೆದುಕೊಂಡು ಹೋಗಿದ್ದೆ. ಒಂದೊಂದು ಚೀಟಿಯಲ್ಲಿ ಒಂದೊಂದು ಒಗಟು. ಆಟದ ನಿಯಮ ಮೂರು.

1. ಚೀಟಿಯನ್ನು ತಾಯಿಯೇ ಗಟ್ಟಿಯಾಗಿ ಓದಬೇಕು.
2. ಉತ್ತರವನ್ನು ತಾಯಿ, ಮಕ್ಕಳು ಕೂಡಿ ಹುಡುಕಬೇಕು.
3. ಗೋಡೆ ಹತ್ತಬಾರದು. ನೀರಿಗೆ ಇಳಿಯಬಾರದು.

ಮೊದಲ ಚೀಟಿಯನ್ನು ಒಬ್ಬ ತಾಯಿಗೆ ಕೊಟ್ಟೆ. ಆಕೆ ಕೇಂದ್ರಕ್ಕೆ ಬರಲು ಸುರು ಮಾಡಿ ಏಳು ತಿಂಗಳಾಗಿತ್ತು. ಆಕೆಯ ಮಗ ಐದನೇ ತರಗತಿ. ಚೀಟಿ ಕಂಡಕೂಡಲೇ ಕೈ ಚಾಚಿದ.

"ಕೊಡು ಯವ್ವಾ, ನಿಂಗ ತಡ ಆಗ್ತದ. ನಾ ಓದ್ತೀನಿ."

ತಾಯಿಯ ಮುಖ ಸಣ್ಣದಾಯಿತು. ಚೀಟಿ ಕೊಡಲು ಹೋದಳು. "ನಿಯಮ ಏನು?" ಎಂದೆ. ಹುಡುಗ ಕೈ ಹಿಂದೆ ತೆಗೆದ. ತಾಯಿ ಅಕ್ಷರದ ಮೇಲೆ ಬೆರಳಿಟ್ಟು ಓದಿದಳು.

"ಮೂರು ಸುತ್ತು ಸೀರಿ ಉಟ್ಟಾಳ. ಸೀರಿ ಕಲ್ಲಿಂದು. ನೂರಾರು ವರ್ಷ ಆದ್ರೂ ಹರಿದಿಲ್ಲ. ಯಾರಕಿ?"

ಮಕ್ಕಳು ಸುತ್ತಲೂ ನೋಡಿದರು. ಗುಡ್ಡವನ್ನು ಕಲ್ಲಿನ ಗೋಡೆ ಬಳಸಿತ್ತು. ಅದರ ಮೇಲೆ ಇನ್ನೊಂದು. ಅದರ ಮೇಲೆ ಮತ್ತೊಂದು. "ಕೋಟಿ! ಕೋಟಿ!" ಎಂದು ಕೂಗಿದರು. ಹೌದು, ಈ ಕೋಟೆಗೆ ಮೂರು ಸುತ್ತು ಗೋಡೆ. ವೈರಿ ಒಂದು ಸುತ್ತು ಗೆದ್ದರೂ ಒಳಗಿನವರಿಗೆ ಇನ್ನೆರಡು ಉಳಿಯುತ್ತಿದ್ದವು.

ಎರಡನೇ ಚೀಟಿ ಹೀಗಿತ್ತು.

"ನೆಟ್ಟಗ ಬಂದವರಿಗೆ ದಾರಿ ಇಲ್ಲ. ಹೊರಳಿ ಬಂದವರಿಗೆ ಒಳಗ ಬಿಡ್ತೀನಿ. ನಾ ಯಾರು?"

ಇದು ಕೋಟೆಯ ಬಾಗಿಲು. ಹಳೆಯ ಕೋಟೆಗಳ ಬಾಗಿಲಿಗೆ ದಾರಿ ಹೆಚ್ಚಾಗಿ ನೆಟ್ಟಗೆ ಇರುವುದಿಲ್ಲ. ಯಾಕೆ? ಹಿಂದೆ ಬಾಗಿಲು ಮುರಿಯಲು ಆನೆ ಬಿಡುತ್ತಿದ್ದರು. ಆನೆ ದೂರದಿಂದ ಓಡಿ ಬಂದು ಗುದ್ದಬೇಕು. ದಾರಿ ಹೊರಳಿದರೆ ಓಡಲು ಆಗುವುದಿಲ್ಲ. ದಂಡು ನಿಧಾನ ಆಗುತ್ತದೆ. ಆಗ ಮೇಲಿದ್ದವರು ಕಲ್ಲು, ಬಾಣ ಹೊಡೆಯುತ್ತಿದ್ದರು.

ಮೂರನೇ ಚೀಟಿ ಓದಿದ ಅಜ್ಜಿಗೆ ಅರವತ್ತು ವರ್ಷ.

"ಹೊಟ್ಟಿ ಉದ್ದ, ಬಾಯಿ ದುಂಡಗ. ಬೆಂಕಿ ತಾಕಿದ್ರ ಗುಡುಗ್ತಿದ್ದೆ. ಈಗ ಸುಮ್ಮನ ಮಲಗೀನಿ."

"ನಿಮ್ಮ ಮುತ್ಯಾ!" ಎಂದಳು ಅಜ್ಜಿ ಮೊಮ್ಮಗನಿಗೆ. ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಉತ್ತರ ತೋಪು. ತೋಪಿನ ಬಾಯಿಯಿಂದ ಮದ್ದು ತುಂಬುತ್ತಿದ್ದರು. ಮೇಲೆ ಗುಂಡು ಇಡುತ್ತಿದ್ದರು. ಹಿಂದಿನ ಸಣ್ಣ ತೂತಿಗೆ ಬೆಂಕಿ ತಾಕಿಸಿದರೆ ಗುಂಡು ಹಾರುತ್ತಿತ್ತು.

ನಾಲ್ಕನೇ ಚೀಟಿಗೆ ಮಕ್ಕಳು ಸೋತರು.

"ಬಂಗಾರ ಇದ್ರೂ ನಾ ಇಲ್ದಿದ್ರ ರಾಜ ಸೋಲ್ತಾನ. ಮ್ಯಾಲಿಂದ ಬರ್ತೀನಿ, ಕಲ್ಲಾಗ ಕೂಡ್ತೀನಿ. ಕತ್ತಿಗಿ ಅಂಜಲ್ಲ, ಬ್ಯಾಸಗಿಗಿ ಅಂಜ್ತೀನಿ."

ಒಬ್ಬ "ದಂಡು" ಎಂದ. ಒಬ್ಬಳು "ದೇವರು" ಎಂದಳು. ಆಗ ಮೊದಲ ಚೀಟಿ ಓದಿದ ತಾಯಿ ಮೆಲ್ಲಗೆ ಹೇಳಿದಳು. "ನೀರು ಇರಬೇಕ್ರಿ. ಬ್ಯಾಸಗ್ಯಾಗ ಕೊಡ ಹೊತ್ತವರಿಗಿ ಗೊತ್ತಾಗ್ತದ."

ಸರಿಯಾದ ಉತ್ತರ. ಗುಡ್ಡದ ಮೇಲೆ ಹೊಳೆ ಇಲ್ಲ. ಮಳೆ ನೀರನ್ನೇ ಹಿಡಿದು ಇಡಬೇಕು. ಅದಕ್ಕೇ ಮೇಲೆ ಹೊಂಡಗಳಿವೆ. ವೈರಿಗಳು ಕೋಟೆಯನ್ನು ತಿಂಗಳುಗಟ್ಟಲೆ ಮುತ್ತುತ್ತಿದ್ದರು. ಒಳಗೆ ನೀರು ತೀರಿದರೆ ಗೋಡೆ ಎಷ್ಟು ಗಟ್ಟಿ ಇದ್ದರೂ ಕೋಟೆ ಬೀಳುತ್ತಿತ್ತು. ಮಗ ತಾಯಿಯ ಮುಖವನ್ನೇ ನೋಡಿದ. "ನಿಂಗ ಹ್ಯಾಂಗ ತಿಳಿತವ್ವಾ?" ಎಂದ.

ಮೇಲೆ ಕೂತು ಬುತ್ತಿ ಬಿಚ್ಚಿದೆವು. ಕೆಳಗೆ ಊರು, ರೈಲು ದಾರಿ, ಗದ್ದೆ ಕಾಣುತ್ತಿದ್ದವು. ನಾನು ಕೋಟೆಯ ಕತೆ ಹೇಳಿದೆ. ಇದು ಯಾದವರ ಕಾಲದ ಕೋಟೆ ಎನ್ನುತ್ತಾರೆ. 1347ರಲ್ಲಿ ಕಲಬುರಗಿಯಲ್ಲಿ ಬಹಮನಿ ರಾಜ್ಯ ಹುಟ್ಟಿತು. ಆಮೇಲೆ ವಿಜಯಪುರದ ಆದಿಲ್‌ಶಾಹಿಗಳು, ಹೈದರಾಬಾದಿನ ನಿಜಾಮರು ಈ ಸೀಮೆ ಆಳಿದರು. ಗುಡ್ಡದ ಮೇಲೆ ಗುಡಿಯೂ ಇದೆ, ಮಸೀದಿಯೂ ಇದೆ. 1948ರ ಸೆಪ್ಟೆಂಬರ್ 17ರಂದು ನಿಜಾಮರ ಆಳ್ವಿಕೆ ಮುಗಿಯಿತು. 1956ರ ನವೆಂಬರ್ 1ರಂದು ನಾವು ಕನ್ನಡ ನಾಡಿಗೆ ಸೇರಿದೆವು. 2009ರ ಡಿಸೆಂಬರ್ 30ರಂದು ಯಾದಗಿರಿ ಬೇರೆ ಜಿಲ್ಲೆಯಾಯಿತು.

ಐದನೇ ಚೀಟಿಯಲ್ಲಿ ಒಗಟು ಇರಲಿಲ್ಲ. "ಈಗ ನೀವೇ ಒಂದು ಒಗಟು ಬರೆಯಿರಿ" ಎಂದು ಇತ್ತು. ಎಲ್ಲರಿಗೂ ಕಾಗದ ಕೊಟ್ಟೆ. ಮಕ್ಕಳು ಬರೆದದ್ದನ್ನು ತಾಯಂದಿರು ಓದಬೇಕು.

ಆ ತಾಯಿಗೆ ಒಬ್ಬ ಮಗಳೂ ಇದ್ದಳು. ಹನ್ನೆರಡು ವರ್ಷ. ಹಿಂದಿನ ವರ್ಷ ಸಾಲಿ ಬಿಟ್ಟಿದ್ದಳು. ತಾಯಿ ಹತ್ತಿ ಬಿಡಿಸಲು ಹೋದಾಗ ಮೂರು ವರ್ಷದ ಕೂಸನ್ನು ನೋಡಿಕೊಳ್ಳುತ್ತಿದ್ದಳು. ಆಕೆ ದಿನವಿಡೀ ಮಾತಾಡಿರಲಿಲ್ಲ. ಎರಡು ಸಾಲು ಬರೆದು ತಾಯಿಯ ಕೈಗೆ ಕೊಟ್ಟಳು. ತಾಯಿ ಗಟ್ಟಿಯಾಗಿ ಓದಿದಳು.

"ತಮ್ಮ ಸಾಲಿಗಿ ಹೋಗ್ತಾನ. ಅವ್ವನೂ ಸಾಲಿಗಿ ಹೋಗ್ತಾಳ. ಮನ್ಯಾಗ ಉಳಿದಕಿ ಯಾರು?"

ಯಾರೂ ಉತ್ತರ ಹೇಳಲಿಲ್ಲ. ತಾಯಿ ಆ ಎರಡು ಸಾಲನ್ನು ಇನ್ನೊಮ್ಮೆ ಓದಿದಳು, ಈ ಸಲ ಮನಸ್ಸಿನಲ್ಲೇ. ಕಾಗದ ಮಡಚಿ ಸೆರಗಿನಲ್ಲಿ ಕಟ್ಟಿಕೊಂಡಳು.

ಇಳಿಯುವಾಗ ನನ್ನ ಬದಿಗೆ ಬಂದು ಕೇಳಿದಳು. "ಅಕ್ಕೋರೆ, ಈಕಿನ ಮತ್ತ ಸಾಲ್ಯಾಗ ತಗೋತಾರೇನ್ರಿ? ವರ್ಷ ಹೋಗ್ಯಾದ. ಕಾಗದ ಪತ್ರ ಏನೂ ಇಲ್ಲ."

ನಾನು ಹೇಳಿದ್ದನ್ನು ನಿಮಗೂ ಹೇಳುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣದ ಹಕ್ಕು ಇದೆ. ನಡುವೆ ಸಾಲಿ ಬಿಟ್ಟವರನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಹಿಂದುಳಿದ ಪಾಠವನ್ನು ಬೇರೆಯಾಗಿ ಕಲಿಸಬೇಕು. ಜನನ ಪತ್ರ ಇಲ್ಲ, ತಡವಾಗಿ ಬಂದಿರಿ ಎಂದು ವಾಪಸ್ ಕಳಿಸುವಂತಿಲ್ಲ. ಮೂರು ವರ್ಷ ತುಂಬಿದ ಕೂಸಿಗೆ ಅಂಗನವಾಡಿ ಇದೆ.

ಮರುದಿನ ತಾಯಿ, ಮಗಳು ಸಾಲಿಯ ಬಾಗಿಲಲ್ಲಿ ನಿಂತಿದ್ದರು. ಅರ್ಜಿಯನ್ನು ತಾಯಿ ತಾನೇ ಓದಿದಳು. ತಡ ಆಯಿತು. ಮಗ ಬದಿಗೆ ನಿಂತಿದ್ದ. ಈ ಸಲ ಕೈ ಚಾಚಲಿಲ್ಲ. ಕೆಳಗೆ ಹೆಬ್ಬೆಟ್ಟು ಒತ್ತುವ ಜಾಗದಲ್ಲಿ ಆಕೆ ಸಹಿ ಮಾಡಿದಳು.

ನಿಮ್ಮ ಊರಲ್ಲೂ ಆಡಿ

ಈ ಆಟಕ್ಕೆ ರೊಕ್ಕ ಬೇಡ. ಕಾಗದ, ಪೆನ್ಸಿಲ್ ಸಾಕು. ಒಗಟು ಕಟ್ಟಲು ನಮ್ಮ ಸೀಮೆಯಲ್ಲಿ ಬೇಕಾದಷ್ಟು ಇದೆ.

ಶಹಾಪುರ: ಇಲ್ಲಿಯ ಗುಡ್ಡಗಳನ್ನು ದೂರದಿಂದ ನೋಡಿ. ಬುದ್ಧ ಅಂಗಾತ ಮಲಗಿದಂತೆ ಕಾಣುತ್ತದೆ. ಯಾರೂ ಕೆತ್ತಿದ್ದಲ್ಲ.

ವಾಗಿನಗೇರಿ: ಸುರಪುರದ ಹತ್ತಿರದ ಕೋಟೆ. 1705ರಲ್ಲಿ ದಿಲ್ಲಿಯ ಬಾದಶಹ ಔರಂಗಜೇಬ ಇಲ್ಲಿಗೆ ಮುತ್ತಿಗೆ ಹಾಕಿದ. ಆಗ ಅವನು ಎಂಬತ್ತು ದಾಟಿದ ಮುದುಕ. ಬೇಡರ ನಾಯಕರು ಅವನ ದೊಡ್ಡ ದಂಡನ್ನು ತಿಂಗಳುಗಟ್ಟಲೆ ತಡೆದರು.

ಸುರಪುರ: ಗುಡ್ಡಗಳ ನಡುವಿನ ನಾಯಕರ ರಾಜಧಾನಿ. 1841ರಲ್ಲಿ ರಾಜ ತೀರಿಕೊಂಡಾಗ ಮಗ ಸಣ್ಣವನು. ರಾಣಿ ಈಶ್ವರಮ್ಮ ಆಡಳಿತ ನೋಡಿದಳು. ಆ ಮಗನೇ ರಾಜಾ ವೆಂಕಟಪ್ಪ ನಾಯಕ. 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದ. ಸೆರೆಯಲ್ಲಿದ್ದಾಗ ಗುಂಡು ತಗುಲಿ ತೀರಿಕೊಂಡ. ಬ್ರಿಟಿಷ್ ಅಧಿಕಾರಿ ಟೇಲರ್ ಇದ್ದ ಬಂಗಲೆ, ಟೇಲರ್ ಮಂಜಿಲ್, ಇಂದೂ ಗುಡ್ಡದ ಮೇಲಿದೆ.

ಹೊಸ ಪದಗಳು

ಮುತ್ತಿಗೆ: ವೈರಿಗಳು ಕೋಟೆಯನ್ನು ಸುತ್ತುಗಟ್ಟುವುದು
ದಂಡು: ಸೈನ್ಯ
ತೋಪು: ಗುಂಡು ಹಾರಿಸುವ ದೊಡ್ಡ ಕೊಳವೆ
ಹಕ್ಕು: ಕೇಳಿ ಪಡೆಯಬಹುದಾದದ್ದು

ಉತ್ತರ ಬರೆಯಿರಿ

1. ಯಾದಗಿರಿ ಕೋಟೆಗೆ ಎಷ್ಟು ಸುತ್ತು ಗೋಡೆ?
2. ಕೋಟೆಯ ಬಾಗಿಲಿನ ದಾರಿ ಯಾಕೆ ಹೊರಳುತ್ತದೆ?
3. ಗುಡ್ಡದ ಮೇಲೆ ಹೊಂಡ ಯಾಕೆ ಬೇಕು?
4. ಎಷ್ಟು ವರ್ಷದಿಂದ ಎಷ್ಟು ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕು ಇದೆ?

ಕೂಡಿ ಮಾತಾಡಿ

ನಿಮ್ಮ ಓಣಿಯಲ್ಲಿ ಸಾಲಿ ಬಿಟ್ಟ ಹೆಣ್ಣುಮಕ್ಕಳು ಎಷ್ಟು ಮಂದಿ? ಯಾಕೆ ಬಿಟ್ಟರು? ಅವರ ತಾಯಂದಿರ ಕೂಡ ಯಾರು ಮಾತಾಡುತ್ತೀರಿ?

ಮನೆಯಲ್ಲಿ ಮಾಡಿ

ನಿಮ್ಮ ಊರಿನ ಬಾವಿ, ಗುಡಿ, ದರ್ಗಾ ಇಲ್ಲವೆ ಕಟ್ಟೆಯ ಮೇಲೆ ಒಂದು ಒಗಟು ಕಟ್ಟಿ. ನೀವೇ ಬರೆಯಿರಿ. ಮಕ್ಕಳಿಗೆ ಓದಿ ಹೇಳಿ. ಅವರು ಸೋತರೆ ಉತ್ತರ ಹೇಳಲು ಅವಸರ ಮಾಡಬೇಡಿ.