ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆಯಲ್ಲಿ ರೋಬೋಟ್ ಯಂತ್ರಗಳು

ಪುರುಷರಲ್ಲಿ ಮೂತ್ರಕೋಶದ ಕೆಳಗೆ, ಮೂತ್ರನಾಳವನ್ನು ಸುತ್ತುವರಿದು, ಬೆಟ್ಟದ ನೆಲ್ಲಿಕಾಯಿಯಷ್ಟು ಗಾತ್ರದ ಒಂದು ಗ್ರಂಥಿಯಿರುತ್ತದೆ. ಇದಕ್ಕೆ ಪ್ರಾಸ್ಟೇಟ್ ಗ್ರಂಥಿಯೆಂದು ಹೆಸರು. ವೀರ್ಯದ ದ್ರವದಲ್ಲಿ ಒಂದು ಭಾಗವು ಇಲ್ಲಿ ಉತ್ಪತ್ತಿಯಾಗುತ್ತದೆ. ವಯಸ್ಸಾದಂತೆ ಈ ಗ್ರಂಥಿಯು ದೊಡ್ಡದಾಗಿ ಮೂತ್ರಕ್ಕೆ ಅಡಚಣೆಯಾಗುವುದುಂಟು. ಇದು ಕ್ಯಾನ್ಸರ್ ಅಲ್ಲ. ಔಷಧಿಯಿಂದ ಅಥವಾ ಮೂತ್ರನಾಳದ ಮೂಲಕವೇ ಮಾಡುವ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ಪರಿಹಾರ ದೊರೆಯುತ್ತದೆ. ಗ್ರಂಥಿಯನ್ನು ಪೂರ್ಣವಾಗಿ ತೆಗೆಯುವುದು ಮುಖ್ಯವಾಗಿ ಕ್ಯಾನ್ಸರ್ ಇದ್ದಾಗ ಮಾತ್ರ.

ರೋಬೋಟ್ ಎಂದರೇನು?

ಯಂತ್ರವು ತಾನಾಗಿಯೇ ಶಸ್ತ್ರಚಿಕಿತ್ಸೆ ಮಾಡುವುದೆಂದು ಕೆಲವರು ತಿಳಿದಿದ್ದಾರೆ. ಇದು ತಪ್ಪು ಕಲ್ಪನೆ. ವೈದ್ಯರು ಅದೇ ಕೊಠಡಿಯಲ್ಲಿ ಕುಳಿತು ಹಿಡಿಗಳನ್ನು ಚಲಿಸಿದಂತೆ, ಸಣ್ಣ ರಂಧ್ರಗಳ ಮೂಲಕ ಹೊಟ್ಟೆಯೊಳಗೆ ಹೋದ ಉಪಕರಣಗಳು ಚಲಿಸುತ್ತವೆ.

ಯಂತ್ರಗಳಲ್ಲಿರುವ ವ್ಯತ್ಯಾಸ

1. ಡ ವಿಂಚಿ: ಅಮೆರಿಕದ್ದು. 2000ರಲ್ಲಿ ಅಲ್ಲಿನ ಸರ್ಕಾರದ ಅನುಮತಿ ಪಡೆಯಿತು. ನಾಲ್ಕು ತೋಳುಗಳು ಒಂದೇ ಕಂಬದಿಂದ ಚಾಚಿರುತ್ತವೆ. ವೈದ್ಯರು ಪೆಟ್ಟಿಗೆಯಂಥ ಪೀಠದೊಳಗೆ ಇಣುಕಿ ನೋಡುತ್ತಾರೆ. ಹೆಚ್ಚು ಕಾಲದ ಅನುಭವ ಇದರದೇ. 2018ರಲ್ಲಿ ಅನುಮತಿ ಪಡೆದ ಇದರ ಇನ್ನೊಂದು ಮಾದರಿಯು ಸುಮಾರು 2.5 ಸೆಂಟಿಮೀಟರ್ ಅಗಲದ ಒಂದೇ ನಳಿಗೆಯ ಮೂಲಕ ಕೆಲಸ ಮಾಡುತ್ತದೆ.

2. ಹ್ಯೂಗೋ: ತೋಳುಗಳು ಬೇರೆ ಬೇರೆ ಗಾಡಿಗಳ ಮೇಲಿರುತ್ತವೆ. ವೈದ್ಯರು ವಿಶೇಷ ಕನ್ನಡಕ ಧರಿಸಿ ತೆರೆದ ಪರದೆಯನ್ನು ನೋಡುತ್ತಾರೆ.

3. ವರ್ಸಿಯಸ್: ಇಂಗ್ಲೆಂಡಿನ ಕೇಂಬ್ರಿಜ್‌ನದು. ಪ್ರತಿ ತೋಳಿಗೂ ಸಣ್ಣ ಗಾಡಿಯಿರುವುದರಿಂದ ಕೊಠಡಿಯಿಂದ ಕೊಠಡಿಗೆ ಸಾಗಿಸುವುದು ಸುಲಭ.

4. ಎಸ್‌ಎಸ್‌ಐ ಮಂತ್ರ: ನಮ್ಮ ದೇಶದ ಗುರುಗ್ರಾಮದ ಸಂಸ್ಥೆಯದು. ಇದರ ತೋಳುಗಳೂ ಬಿಡಿಯಾಗಿವೆ. ವೆಚ್ಚ ತಗ್ಗಿಸುವುದು ಇದರ ಉದ್ದೇಶಗಳಲ್ಲೊಂದು.

ಫಲಿತಾಂಶದಲ್ಲಿ ವ್ಯತ್ಯಾಸವಿದೆಯೆ?

ಆಸ್ಟ್ರೇಲಿಯದ ಬ್ರಿಸ್ಬೇನ್‌ನಲ್ಲಿ 326 ಪುರುಷರನ್ನು ಎರಡು ಗುಂಪು ಮಾಡಿ, ಹೊಟ್ಟೆ ಕೊಯ್ದು ಮಾಡುವ ಶಸ್ತ್ರಚಿಕಿತ್ಸೆಯನ್ನೂ ರೋಬೋಟ್ ಮೂಲಕ ಮಾಡುವುದನ್ನೂ ಹೋಲಿಸಲಾಯಿತು. ರೋಬೋಟ್ ಬಳಸಿದವರಲ್ಲಿ ರಕ್ತಸ್ರಾವ ಕಡಿಮೆಯಿತ್ತು. ಆದರೆ 2018ರಲ್ಲಿ ಪ್ರಕಟವಾದ ಎರಡು ವರ್ಷಗಳ ವರದಿಯಂತೆ, ಮೂತ್ರದ ಹತೋಟಿಯಲ್ಲಾಗಲಿ ದಾಂಪತ್ಯ ಸಾಮರ್ಥ್ಯದಲ್ಲಾಗಲಿ ಗಣನೀಯ ಅಂತರ ಕಾಣಲಿಲ್ಲ. ಆದುದರಿಂದ ಯಂತ್ರದ ಹೆಸರಿಗಿಂತ ಅದನ್ನು ನಡೆಸುವ ವೈದ್ಯರ ಅನುಭವವೇ ಮುಖ್ಯವಾದುದು.

ಆತುರ ಬೇಡ

ಗ್ರಂಥಿಯೊಳಗೇ ಇರುವ ಕ್ಯಾನ್ಸರ್ ಅನೇಕರಲ್ಲಿ ನಿಧಾನವಾಗಿ ಬೆಳೆಯುತ್ತದೆ. ಬ್ರಿಟನ್ನಿನಲ್ಲಿ ಇಂಥ 1643 ಪುರುಷರನ್ನು ಸುಮಾರು 15 ವರ್ಷ ಗಮನಿಸಿ 2023ರಲ್ಲಿ ವರದಿ ನೀಡಲಾಯಿತು. ಶಸ್ತ್ರಚಿಕಿತ್ಸೆ, ವಿಕಿರಣ, ಕ್ರಮವಾದ ತಪಾಸಣೆ, ಈ ಮೂರರಲ್ಲಿ ಯಾವುದನ್ನು ಪಡೆದರೂ, ಈ ಕ್ಯಾನ್ಸರಿನಿಂದ ಸತ್ತವರು ನೂರಕ್ಕೆ ಸುಮಾರು ಮೂವರು. ಆದುದರಿಂದ ಇಂಥ ಯಂತ್ರವೇ ಬೇಕೆಂದು ಹೊಲವನ್ನು ಒತ್ತೆಯಿಡುವ ಮೊದಲು ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಆದರೆ ತಪಾಸಣೆಯನ್ನು ಎಂದಿಗೂ ತಪ್ಪಿಸಬಾರದು.

ಪತಿಪತ್ನಿಯರು ಕೂಡಿ ತಿಳಿಯಬೇಕಾದುದು

ಗ್ರಂಥಿಯನ್ನು ತೆಗೆದ ನಂತರ ಕೆಲವು ವಾರ ಅಥವಾ ತಿಂಗಳುಗಳ ಕಾಲ ಮೂತ್ರ ಸೋರಬಹುದು. ವೈದ್ಯರು ಕಲಿಸುವ ಸ್ನಾಯುಗಳ ವ್ಯಾಯಾಮದಿಂದ ಹೆಚ್ಚಿನವರಲ್ಲಿ ಹತೋಟಿ ಮರಳುತ್ತದೆ. ಜನನೇಂದ್ರಿಯದ ಬಿಗಿತ ಮರಳಲು ಒಂದೆರಡು ವರ್ಷ ಹಿಡಿಯಬಹುದು; ಕೆಲವರಲ್ಲಿ ಮರಳದೆಯೂ ಇರಬಹುದು. ವೀರ್ಯ ಹೊರಬರುವುದಿಲ್ಲ, ಆದುದರಿಂದ ಮುಂದೆ ಮಕ್ಕಳನ್ನು ಬಯಸುವವರು ಮೊದಲೇ ವೈದ್ಯರಿಗೆ ತಿಳಿಸಬೇಕು. ಇದನ್ನು ಪತಿಯು ನಾಚಿಕೆಯಿಂದ ಮುಚ್ಚಿಡಬಾರದು. ಪತ್ನಿಯು ಉಪೇಕ್ಷೆಯೆಂದು ತಪ್ಪು ತಿಳಿಯಬಾರದು. ವೈದ್ಯರ ಬಳಿಗೆ ಇಬ್ಬರೂ ಕೂಡಿ ಹೋಗುವುದು ಒಳ್ಳೆಯದು.

ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು

1. ನನಗೆ ಈಗಲೇ ಶಸ್ತ್ರಚಿಕಿತ್ಸೆ ಅಗತ್ಯವೆ?
2. ತಾವು ಈ ಯಂತ್ರದಿಂದ ಇಂಥ ಎಷ್ಟು ಶಸ್ತ್ರಚಿಕಿತ್ಸೆಗಳನ್ನು ಮಾಡಿದ್ದೀರಿ?
3. ತಮ್ಮ ರೋಗಿಗಳಲ್ಲಿ ಎಷ್ಟು ಮಂದಿಗೆ ಮೂತ್ರದ ಹತೋಟಿ ಮರಳಿದೆ?
4. ಒಟ್ಟು ವೆಚ್ಚವೆಷ್ಟು? ಸರ್ಕಾರದ ನೆರವು ದೊರೆಯುವುದೆ?