ಮೋಟಾರ್ ಸೈಕಲ್ಲಿನ ಮುಂಗಾಲುಗಳು

ಅಗ್ಗದ ದುರಸ್ತಿಯೇ ಕಡೆಗೆ ದುಬಾರಿಯಾಗುವ ಬಗೆಯನ್ನು ತಂದೆಯವರ ಹಳೆಯ ಯೆಜ್ಡಿ ನನಗೆ ಕಲಿಸಿತು. 1961ರಿಂದ 1996ರವರೆಗೆ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ತಯಾರಿಸಿದ ವಾಹನಗಳಲ್ಲಿ ಇದೂ ಒಂದು.

ಮುಂದಿನ ಫೋರ್ಕಿಗೆ ಎರಡು ಕಾಲುಗಳು. ಒಂದೊಂದರಲ್ಲಿಯೂ ನುಣುಪಾದ ಉಕ್ಕಿನ ಪೈಪು, ಸ್ಪ್ರಿಂಗು, ಬುಷ್, ಎಣ್ಣೆ. ಸ್ಪ್ರಿಂಗು ಭಾರ ಹೊರುವುದು. ಕಿರುರಂಧ್ರಗಳಲ್ಲಿ ಹಾಯುವ ಎಣ್ಣೆ ಅದರ ಕುಣಿತವನ್ನು ತಡೆಯುವುದು. ಎಣ್ಣೆ ಸೋರಿಹೋದರೆ ಹಳ್ಳದಲ್ಲಿ ಚಕ್ರ ಪುಟಿದು ನೆಲದ ಹಿಡಿತ ತಪ್ಪುವುದು. ಸವಾರನ ಪ್ರಾಣಕ್ಕೇ ಅಪಾಯ.

ಶಿವಮೊಗ್ಗದಲ್ಲಿ ಸೀಲನ್ನು ಮಾತ್ರ ಬದಲಾಯಿಸಿದೆ. ತಿಂಗಳೊಳಗೆ ಸೋರಿತು. ಇನ್ನೊಮ್ಮೆ ಬದಲಾಯಿಸಿದರೂ ಅದೇ ಪಾಡು. 1923ರಲ್ಲೇ ಕಬ್ಬಿಣದ ಕುಲುಮೆ ಹೊತ್ತಿದ ಊರು ಭದ್ರಾವತಿ. ಅಲ್ಲಿನ ಲೇತ್ ಮೇಸ್ತ್ರಿಯೊಬ್ಬರಲ್ಲಿಗೆ ಒಯ್ದೆ. ಅವರು ಪೈಪನ್ನು ಗಾಜಿನ ಮೇಲೆ ಉರುಳಿಸಿದರು, ಬಾಗಿರಲಿಲ್ಲ. ಉಗುರಿನಿಂದ ಸವರಿ, “ಸೀಲಿಂದು ತಪ್ಪಿಲ್ಲಪ್ಪ, ಪೈಪು ನೋಡು” ಎಂದರು. ತುಕ್ಕಿನ ಕುಳಿಗಳು ಹೊಸ ಸೀಲನ್ನೂ ಕೊರೆದಿದ್ದುವು.

ಪೈಪು ನುಣುಪಾಗಿದ್ದರೆ ಸೀಲೊಂದೇ ಸಾಕು. ಕುಳಿ ಬಿದ್ದಿದ್ದರೆ ಹಳೆಯ ಲೇಪವನ್ನು ಉಜ್ಜಿಸಿ, ಹಾರ್ಡ್ ಕ್ರೋಮ್ ಹಾಕಿಸಿ, ಮೊದಲಿನ ಅಳತೆಗೆ ಗ್ರೈಂಡಿಂಗ್ ಮಾಡಿಸಬೇಕು. ಅಪಘಾತದಲ್ಲಿ ಮಡಿಸಿ ಸುಕ್ಕುಗಟ್ಟಿದ್ದರೆ ಹೊಸ ಪೈಪೇ ಗತಿ. ನೆಟ್ಟಗೆ ಮಾಡಿಸಿದರೂ ನಂಬಲಾಗದು. ಯಾವುದನ್ನು ಮಾಡಿಸಿದರೂ ಬಿಚ್ಚಿ ಜೋಡಿಸುವ ಕೂಲಿ ತಪ್ಪದು. ಆದುದರಿಂದ ಸವೆದ ಬುಷ್, ಸೀಲು, ಎಣ್ಣೆಗಳನ್ನು ಒಮ್ಮೆಗೇ ಬದಲಾಯಿಸುವುದು ಲಾಭ. ಎಣ್ಣೆ ಎರಡು ಕಾಲಿಗೂ ಸಮನಾಗಿರಬೇಕು.

ನಾನು ಕ್ರೋಮ್ ಹಾಕಿಸಿದೆ. ಮಳೆಗಾಲವೆಲ್ಲ ಎರಡೂರಿನ ನಡುವೆ ಓಡಾಡಿದರೂ ಒಂದು ಹನಿ ಸೋರಲಿಲ್ಲ. ಮೊದಲು ಎರಡು ಬಾರಿ ತೆತ್ತ ಕೂಲಿ ಮಾತ್ರ ಮರಳಿ ಬರಲಿಲ್ಲ. ಮಿತ್ರರೇ, ಬೆಲೆ ಕೇಳುವ ಮುನ್ನ ಕಾರಣ ಕೇಳಿರಿ.