ಗಿಣಿಗೇರಾ ಹೊಗೆ, ಮುಂಗಾರಿನ ಮೋಡ

ಗಿಣಿಗೇರಾ, ಹಿರೇಬಗನಾಳ ಸುತ್ತಿನ ಹೊಲಗಳಲ್ಲಿ ಮೆಕ್ಕೆಜೋಳದ ಗರಿ ಒರೆಸಿದರೆ ಬೆರಳಿಗೆ ಕಪ್ಪು ಪುಡಿ ಹತ್ತುತ್ತದೆ. ಕಲ್ಲಿದ್ದಲಿನ ಜತೆ ಅದಿರು ಕಾಯಿಸಿ ಕಬ್ಬಿಣ ತೆಗೆಯುವ ಸ್ಪಾಂಜ್ ಐರನ್ ಘಟಕಗಳ ನೆರೆಯಲ್ಲಿರುವ ಊರುಗಳಿವು. 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆದದ್ದು, ಗವಿಮಠದ ಸ್ವಾಮೀಜಿಯೇ ಬೀದಿಗಿಳಿದದ್ದು ಊರ ಮಗ್ಗುಲಿಗೆ ಮತ್ತೊಂದು ಉಕ್ಕಿನ ಕಾರ್ಖಾನೆ ಬೇಡವೆಂದು. ಎಲೆ ಮೇಲಿನ ದೂಳು ಕಣ್ಣಿಗೆ ಕಾಣುತ್ತದೆ. ಹೊಗೆಯ ಜತೆ ಮೇಲೇರಿ ಮೋಡ ಸೇರುವ ಕಣಗಳು ಕಾಣುವುದಿಲ್ಲ; ಬೆಳೆಗಾರರು ಅವನ್ನೂ ತಿಳಿದಿರಬೇಕು.

ಮೋಡದ ಪ್ರತಿ ಹನಿಯ ನಡುವೆ ಉಪ್ಪಿನದೋ ದೂಳಿನದೋ ಒಂದು ಸೂಕ್ಷ್ಮ ಕಣ ಇರುತ್ತದೆ. ಕಲ್ಲಿದ್ದಲು ಉರಿದಾಗ ಬರುವ ಗಂಧಕದ ಅನಿಲ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ಮಾರ್ಪಡುತ್ತದೆ. ನೀರಾವಿಯನ್ನು ಹಿಡಿಯುವುದರಲ್ಲಿ ಅದು ಬಲು ಚುರುಕು. ಇಂಥ ಕಣ ಮಿತಿಮೀರಿದರೆ ಒಂದೇ ಕೊಡ ನೀರನ್ನು ನೂರು ಬಟ್ಟಲಿಗೆ ಹಂಚಿದಂತಾಗುತ್ತದೆ: ಹನಿಗಳು ಹೆಚ್ಚು, ಗಾತ್ರ ಸಣ್ಣದು. ಒಂದು ಮಳೆಹನಿಯಾಗಲು ಮೋಡದ ಸುಮಾರು ಹತ್ತು ಲಕ್ಷ ಹನಿಗಳು ಕೂಡಬೇಕು. ತೀರ ಸಣ್ಣವು ಒಂದಕ್ಕೊಂದು ತಾಗಿ ಕೂಡುವುದೇ ಕಷ್ಟ. 2000ನೇ ಇಸವಿಯಲ್ಲಿ ಇಸ್ರೇಲಿನ ವಿಜ್ಞಾನಿ ಡೇನಿಯಲ್ ರೋಸೆನ್‌ಫೆಲ್ಡ್ ಟರ್ಕಿ, ಕೆನಡಾ, ಆಸ್ಟ್ರೇಲಿಯಾಗಳ ಉಪಗ್ರಹ ಚಿತ್ರಗಳಲ್ಲಿ ಇದನ್ನು ತೋರಿಸಿದರು. ಕಾರ್ಖಾನೆ, ನಗರಗಳ ಹೊಗೆ ಹಾದುಹೋದ ಕಡೆ ಮೋಡದಲ್ಲಿ ಉದ್ದನೆಯ ಪಟ್ಟೆಗಳಿದ್ದವು. ಆ ಪಟ್ಟೆಗಳೊಳಗೆ ಮಳೆ ತಡೆದು ನಿಂತಿತ್ತು.

ಮೊದಲು ಕೈತಪ್ಪುವುದು ತೆಳು ಮೋಡದ ಜಿಟಿಜಿಟಿ ಮಳೆ. ಕುಷ್ಟಗಿಯ ಸಜ್ಜೆಗೆ, ಯಲಬುರ್ಗಾದ ಹೆಸರಿಗೆ ಮೊಳಕೆಯ ಹೊತ್ತಲ್ಲಿ ಜೀವ ಕೊಡುವುದು ಅದೇ. ಎತ್ತರದ ಮೋಡಗಳ ಕಥೆ ಬೇರೆ. ಅಲ್ಲಿ ಸುರಿಯದೆ ಉಳಿದ ನೀರು ಇನ್ನೂ ಮೇಲೇರಿ ಹೆಪ್ಪುಗಟ್ಟುತ್ತದೆ, ಆಗ ಹೊಮ್ಮಿದ ಶಾಖ ಮೋಡವನ್ನು ಮತ್ತಷ್ಟು ಎಬ್ಬಿಸುತ್ತದೆ, ತಡವಾಗಿ ಗುಡುಗು ಸಿಡಿಲಿನೊಂದಿಗೆ ಒಮ್ಮೆಲೇ ಸುರಿಯಬಹುದು. ಎರೆ ಹೊಲ ಅಂಥ ಮಳೆಯನ್ನು ಕುಡಿಯುವುದಿಲ್ಲ. ನೀರು ಒಡ್ಡು ಒಡೆದು ಹಳ್ಳ ಸೇರುತ್ತದೆ.

ಹಾಗೆಂದು ಪ್ರತಿ ಬರವನ್ನೂ ಹೊಗೆಯ ತಲೆಗೆ ಕಟ್ಟುವುದು ಸರಿಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾದಾಗ ಶಾಂತಸಾಗರದ ನೀರು ಬಿಸಿಯೇರಿ ಮುಂಗಾರನ್ನು ಕುಗ್ಗಿಸುವ ಎಲ್ ನಿನೊ ಎದ್ದಿತ್ತು.

ಮೋಡ ಬಿತ್ತನೆಯಲ್ಲಿ ಕಣ, ಹನಿಗಳ ಇದೇ ಲೆಕ್ಕ ತಿರುಗುಮುರುಗಾಗುತ್ತದೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆ 2018 ಮತ್ತು 2019ರಲ್ಲಿ ನಮ್ಮ ಗಡಿಯಾಚೆಯ ಸೊಲ್ಲಾಪುರದಲ್ಲಿ ವಿಮಾನದಿಂದ ಮೋಡದ ಬುಡಕ್ಕೆ ಕ್ಯಾಲ್ಸಿಯಂ ಕ್ಲೋರೈಡ್ ಕಣಗಳನ್ನು ಬಿಟ್ಟಿತು. ದೊಡ್ಡ ಕಣಕ್ಕೆ ದೊಡ್ಡ ಹನಿ ಕಟ್ಟುತ್ತದೆ, ಬೇಗ ಉದುರುತ್ತದೆ. ಚಿಮಣಿಯ ಹೊಗೆ ಮಾಡುವುದು ಇದಕ್ಕೆ ವಿರುದ್ಧವಾದ ಕೆಲಸ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೀಸುವ ಪಡುವಣ ಗಾಳಿಗೆ ಗಿಣಿಗೇರಾ ಹೊಗೆಯ ದಾರಿ ಗಂಗಾವತಿಯ ಕಡೆಗೇ. ಗಂಗಾವತಿಯ ಭತ್ತದ ಬಯಲಿಗೆ ತನ್ನದೇ ಹೊಗೆಯೂ ಇದೆ. ಬೇಸಿಗೆ ಬೆಳೆ ಕೊಯ್ದ ಮೇಲೆ ಕೂಳೆಗೆ ಬೆಂಕಿ ಇಟ್ಟರೆ ಅಡ್ಡಮಳೆಯ ಮೋಡ ಕಟ್ಟುವ ಹೊತ್ತಿಗೇ ಮಸಿ ಮೇಲೇರುತ್ತದೆ. ಕಾರ್ಖಾನೆಗೆ ಕಡಿವಾಣ ಹಾಕಬೇಕಾದದ್ದು ಸರ್ಕಾರ. ಹುಲ್ಲಿನ ಬೆಂಕಿ ನಿಲ್ಲಿಸುವುದು ರೈತರ ಕೈಯಲ್ಲೇ ಇದೆ. ಕೂಳೆಯನ್ನು ರೋಟವೇಟರ್‌ನಿಂದ ಮಣ್ಣಿಗೆ ಸೇರಿಸಬಹುದು, ಹುಲ್ಲನ್ನು ಪೆಂಡಿ ಕಟ್ಟಿ ಮೇವಿಗೆ ಕೂಡಿಡಬಹುದು. ಖುಷ್ಕಿ ಹೊಲದಲ್ಲಿ ಬದು ಗಟ್ಟಿ ಮಾಡಿ, ಇಳಿಜಾರಿಗೆ ಅಡ್ಡ ಬಿತ್ತಿ, ಕೃಷಿ ಹೊಂಡ ತೋಡಿದರೆ ಒಮ್ಮೆಲೇ ಬಿದ್ದ ಮಳೆಯೂ ದಕ್ಕುತ್ತದೆ. ದಾಳಿಂಬೆ ಎಲೆಯ ದೂಳನ್ನು ಬರಿ ನೀರಿನಿಂದ ತೊಳೆಯುವವರು ಬೆಳಿಗ್ಗೆಯೇ ಸಿಂಪಡಿಸಲಿ, ಬಿಸಿಲಿಗೆ ಎಲೆ ಆರುತ್ತದೆ. ದುಂಡಾಣು ಅಂಗಮಾರಿ ಕಾಣಿಸಿದ ತೋಟದಲ್ಲಿ ಅದೂ ಬೇಡ, ಚಿಮ್ಮುವ ಹನಿಯೇ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ.